ಸಹಾಯ ಬೇಕು: ಕಾದಂಬರಿಯ ಒಂದು ಆಸ್ಪತ್ರೆ ಪ್ರಸಂಗಕ್ಕೆ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆ ಸಿಂಧನೂರಿನವಳು, ಒಂದು ಕಾದಂಬರಿ ಬರೀತಿದ್ದೇನೆ. ಗುಂಪಿನಲ್ಲಿ ಡಾಕ್ಟರು, ನರ್ಸು, ಡಯಾಲಿಸಿಸ್ ವಿಭಾಗದಲ್ಲಿ ಕೆಲಸ ಮಾಡೋರು ಇದ್ದರೆ ದಯವಿಟ್ಟು ಓದಿ.

ಕಥೆ ಇಷ್ಟು. ಭತ್ತ ಬೆಳೆಯುವ ಮನೆ. ಮಗನ ಎರಡೂ ಕಿಡ್ನಿ ಹೋಗಿವೆ. ಅಪ್ಪನಿಗೆ ಶುಗರ್, ಅವ್ವನ ಬ್ಲಡ್ ಗ್ರೂಪ್ ಹೊಂದಲ್ಲ. ಉಳಿದವಳು ತಂಗಿ, ಅವಳಿಗಿನ್ನೂ 17. ನಮ್ಮ 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ 18 ತುಂಬದವರು ಸಾಮಾನ್ಯವಾಗಿ ಕಿಡ್ನಿ ಕೊಡುವಂತಿಲ್ಲ. ಹಾಗಾಗಿ ಇಡೀ ಮನೆ ಅವಳ ಹುಟ್ಟಿದ ದಿನಕ್ಕೆ ಕಾಯ್ತಿದೆ, ಅವಳೊಬ್ಬಳನ್ನು ಬಿಟ್ಟು.

ಕಾನೂನು ಓದಿಕೊಂಡಿದ್ದೇನೆ. ನನಗೆ ಬೇಕಿರೋದು ಬಾಗಿಲು ಹಾಕಿದ ಮೇಲಿನ ಮಾತು. ದಾನಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಏನು ಕೇಳ್ತಾರೆ? 'ನನಗೆ ಇಷ್ಟ ಇಲ್ಲ ಸರ್, ಮನೇಲಿ ಹೇಳಬೇಡಿ' ಅಂದರೆ ಡಾಕ್ಟರು ಹೊರಗೆ ಬಂದು ಅವ್ವನಿಗೆ ಏನಂತಾರೆ? 'ಮ್ಯಾಚ್ ಆಗಲಿಲ್ಲ' ಅಂದುಬಿಡಬಹುದಾ? ಸುಳ್ಳಾಗುತ್ತೆ ಅಲ್ವಾ? ಕಾರಣ ಹೇಳದೆ 'ಇವಳು ದಾನಿ ಆಗೋಕೆ ಬರಲ್ಲ' ಅಂದರೆ ಸಾಕಾ? ನಮ್ಮ ಕಡೆ ಅವ್ವಂದಿರು ಅಷ್ಟಕ್ಕೆ ಸುಮ್ನೆ ಏಳೋರಲ್ಲ, ರಿಪೋರ್ಟ್ ತೋರಿಸ್ರಿ ಅಂತಾರೆ!

ಇನ್ನೊಂದು ಸಣ್ಣದು. ಫಿಸ್ಟುಲಾ (ಡಯಾಲಿಸಿಸ್‌ಗೆಂದು ಕೈಯಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿಯೋದು) ಮಾಡಿದ ಕೈ ಮುಟ್ಟಿದರೆ ಚರ್ಮದ ಕೆಳಗೆ ಗುಂಯ್ ಅಂತ ಅದುರುತ್ತೆ. ತಂಗಿ ಅದನ್ನು ಮುಟ್ಟುವ ಪ್ರಸಂಗ ಇದೆ. ಆ ಕೈಯಲ್ಲಿ ಬಿಪಿ ನೋಡಬಾರದು, ಭಾರ ಎತ್ತಬಾರದು ಅಂತ ಗೊತ್ತು. ಮನೆಯವರು ಮತ್ತೇನು ಜಾಗ್ರತೆ ಮಾಡ್ತಾರೆ?

ರೋಗಿಗಳ ಹೆಸರು, ಆಸ್ಪತ್ರೆ ಹೆಸರು ಬೇಡ. ಇಲ್ಲಿ ಬರೆಯೋಕೆ ಮುಜುಗರ ಆದರೆ ನನಗೇ ಮೆಸೇಜ್ ಮಾಡಿ.