ಅಪ್‌ಡೇಟ್: ಈಗ ಮಗಳೇ ಟಾಟಾ ಮಾಡ್ತಾಳೆ

ಹೋದ ತಿಂಗಳು ಕೇಳಿದ್ದೆನಲ್ಲ, 20 ತಿಂಗಳ ಮಗಳು ನಾನು ಆಫೀಸಿಗೆ ಹೊರಟರೆ ಸಾಕು ಕಾಲು ಹಿಡಿದು ಅಳುತ್ತಾಳೆ, ಕಣ್ಣು ತಪ್ಪಿಸಿ ಹೋಗಿಬಿಡಲಾ ಅಂತ? ಬೇಡ, ಹೇಳಿಯೇ ಹೋಗಿ ಎಂದಿದ್ದಿರಿ. ಹಾಗೇ ಮಾಡಿದೆ.

ಮೊದಲ ನಾಲ್ಕು ದಿನ ಅಳು ಇನ್ನೂ ಜಾಸ್ತಿಯಾಯಿತು. ಮೆಟ್ಟಿಲಲ್ಲಿ ನಿಂತು ನಾನೂ ಕಣ್ಣೊರೆಸಿಕೊಂಡೆ. ಮಕ್ಕಳ ಡಾಕ್ಟರ್ ಧೈರ್ಯ ಹೇಳಿದರು. ಅಮ್ಮ ಕಾಣದಿದ್ದರೂ ಎಲ್ಲೋ ಇದ್ದಾಳೆ ಅಂತ ಈ ವಯಸ್ಸಿಗೆ ಗೊತ್ತಾಗುತ್ತದೆ, ಯಾವಾಗ ಬರುತ್ತಾಳೆ ಅಂತ ಮಾತ್ರ ಗೊತ್ತಾಗುವುದಿಲ್ಲ, ಅದಕ್ಕೇ ಆ ಅಳು ಎಂದರು. ಹೆಚ್ಚಿನ ಮಕ್ಕಳಲ್ಲಿ 3 ವರ್ಷದ ಹೊತ್ತಿಗೆ ತಾನಾಗಿಯೇ ಇಳಿಯುತ್ತದಂತೆ. ಎಷ್ಟು ಹಗುರಾಯಿತು ಗೊತ್ತಾ!

"ಐದು ಗಂಟೆಗೆ" ಅಂದರೆ ಅವಳಿಗೇನು ಅರ್ಥವಾಗಬೇಕು? "ನೀನು ನಿದ್ದೆ ಮಾಡಿ ಎದ್ದು ಆಟ ಆಡು, ಆಮೇಲೆ ಬರ್ತೀನಿ" ಅಂತ ದಿನಾ ಅದೇ ಮಾತು, ಒಂದು ಮುತ್ತು, ಅಷ್ಟೇ. ಹೇಳಿದ ಹಾಗೆ ಬಂದೂ ಬಿಡುತ್ತೇನೆ.

ನಿನ್ನೆ ಬೆಳಿಗ್ಗೆ ನನ್ನ ಒಂದು ಚಪ್ಪಲಿಯನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು ಬಂದಳು. ಕಾಲ ಬಳಿ ಇಟ್ಟು, "ಅಮ್ಮ ಟಾಟಾ, ಅಮ್ಮ ಬಾ" ಅಂದಳು. ತುಟಿ ಸ್ವಲ್ಪ ನಡುಗುತ್ತಿತ್ತು, ಆದರೆ ಅಳಲಿಲ್ಲ. ಇನ್ನೊಂದು ಚಪ್ಪಲಿ ತರಲು ಮತ್ತೆ ಓಡಿದಳು.