ಗುಳಿಗೆ ತಗೊಂಡರೂ ಅಪ್ಪನ ಶುಗರ್ ಇಳಿಯುತ್ತಿಲ್ಲ, ಹೇಗೆ ತಿಳಿಸಿ ಹೇಳಲಿ?

ಆಳಂದ ತಾಲೂಕಿನಿಂದ: ಅಪ್ಪನಿಗೆ ಅರವತ್ತು ದಾಟಿದೆ. ಗುಳಿಗೆ ತಪ್ಪಿಸುವುದಿಲ್ಲ, ಆದರೂ ಎಚ್‌ಬಿಎ1ಸಿ (ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 9ರ ಮೇಲೇ ಇದೆ. ಊಟದ ಮಾತೆತ್ತಿದರೆ "ನಾ ಏನು ಅನ್ನ ಉಣ್ತೀನೇನು, ಜ್ವಾಳದ ರೊಟ್ಟಿ ತಿಂತೀನಿ, ನನಗೇನಾಗ್ತದ" ಅನ್ನುತ್ತಾರೆ. ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?

ಕಲಬುರಗಿಯಿಂದ: ತಂಗಿ, ನಮ್ಮ ಅವ್ವನೂ ಇದೇ ಮಾತು ಹೇಳುತ್ತಿದ್ದಳು. ಜೋಳದಲ್ಲಿ ನಾರು ಇದೆ, ಒಳ್ಳೆಯದೇ. ಆದರೆ 100 ಗ್ರಾಂ ಹಿಟ್ಟಿನಲ್ಲಿ ಹತ್ತಿರ ಹತ್ತಿರ 70 ಗ್ರಾಂ ಪಿಷ್ಟವೇ, ಹೊಟ್ಟೆಗೆ ಹೋದ ಮೇಲೆ ಅದೂ ಸಕ್ಕರೆಯೇ ಆಗುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಹಿರಿಯರು ನಂಬುವುದಿಲ್ಲ. ಶುಗರ್ ನೋಡುವ ಮೀಟರ್ ಹೇಳಿದರೆ ನಂಬುತ್ತಾರೆ. ಊಟಕ್ಕೆ ಮುಂಚೆ ಒಂದು ಸಲ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು ಸಲ ನೋಡಿ. ಒಂದು ದಿನ ಅವರು ಯಾವಾಗಲೂ ಉಣ್ಣುವಷ್ಟೇ ಉಣ್ಣಲಿ. ಮತ್ತೊಂದು ದಿನ ಒಂದು ರೊಟ್ಟಿ ಕಡಿಮೆ ಮಾಡಿ, ಪುಂಡಿ ಪಲ್ಯ, ಗಟ್ಟಿ ತೊಗರಿ ಬೇಳೆ, ಸೌತೆಕಾಯಿ ಜಾಸ್ತಿ ಬಡಿಸಿ. ಅಂಕಿಗಳನ್ನು ಅಪ್ಪನ ಕೈಯಿಂದಲೇ ನೋಟ್‌ಬುಕ್ಕಿನಲ್ಲಿ ಬರೆಸಿ. ಊಟವಾದ ಮೇಲೆ 180ರ ಒಳಗಿದ್ದರೆ ಸಾಮಾನ್ಯವಾಗಿ ಪರವಾಗಿಲ್ಲ. ಅವ್ವ ಆ ಎರಡು ಅಂಕಿ ನೋಡಿ ತಾನೇ ರೊಟ್ಟಿ ಎತ್ತಿಟ್ಟಳು.

ಎಚ್‌ಬಿಎ1ಸಿ ಕಳೆದ ಎರಡು ಮೂರು ತಿಂಗಳ ಲೆಕ್ಕ ಹೇಳುತ್ತದೆ. ಹಾಗಾಗಿ ಮುಂದಿನ ವಾರವೇ ಇಳಿಯಲಿಲ್ಲ ಅಂತ ಬೇಜಾರಾಗಬೇಡಿ. ಇನ್ನೊಂದು ಮಾತು, ಡಾಕ್ಟರ ಹತ್ತಿರ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ರೊಟ್ಟಿ ಬಡಿಯುವವರು ಕೇಳಿಸಿಕೊಳ್ಳದಿದ್ದರೆ ಆ ಮಾತು ಅಡುಗೆಮನೆ ಮುಟ್ಟುವುದಿಲ್ಲ.

ಸೇಡಂನಿಂದ, ನರ್ಸ್ ಆಗಿದ್ದೇನೆ: ಅಕ್ಕ ಹೇಳಿದ್ದು ಸರಿ, ಆದರೆ ಒಂದು ಎಚ್ಚರಿಕೆ. ಗ್ಲಿಮಿಪಿರೈಡ್‌ನಂಥ ಗುಳಿಗೆ ಅಥವಾ ಇನ್ಸುಲಿನ್ ಇದ್ದವರು ಡಾಕ್ಟರನ್ನು ಕೇಳದೆ ಊಟ ಇಳಿಸಬಾರದು, ಶ್ರಾವಣ ಸೋಮವಾರದ ಉಪವಾಸವನ್ನೂ ಮಾಡಬಾರದು. ಶುಗರ್ 70ಕ್ಕಿಂತ ಕೆಳಗೆ ಹೋದರೆ ಬೆವರು, ಕೈ ನಡುಕ, ಗಾಬರಿ ಶುರುವಾಗುತ್ತದೆ. ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ. ಶುಗರ್ ಇಳಿಯಿತು ಅಂತ ಗುಳಿಗೆಯನ್ನು ತಾವೇ ನಿಲ್ಲಿಸುವವರನ್ನು ನೋಡಿ ನೋಡಿ ಸಂಕಟವಾಗುತ್ತದೆ. ಗುಳಿಗೆ ನುಂಗಿದ್ದಕ್ಕೇ ಅದು ಇಳಿದಿರುತ್ತದೆ, ಅಲ್ವಾ?

ಪಾದವನ್ನು ರಾತ್ರಿ ಮಲಗುವ ಮುಂಚೆ ಯಾರಾದರೂ ನೋಡಲಿ. ನಮ್ಮ ಕಡೆ ಮೇ ತಿಂಗಳಲ್ಲಿ ಗುಡಿಯ ಕಲ್ಲು ಕಾದಿರುತ್ತದೆ. ಸ್ಪರ್ಶ ಕಡಿಮೆಯಾದ ಕಾಲಿಗೆ ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಕಣ್ಣು, ಕಿಡ್ನಿ ಪರೀಕ್ಷೆ ವರ್ಷಕ್ಕೊಮ್ಮೆ ಮಾಡಿಸಿ.

ಜೇವರ್ಗಿಯಿಂದ: ಮುಂದೆ ಇನ್ಸುಲಿನ್ ಬರೆದುಕೊಟ್ಟರೆ ಹೆದರಬೇಡಿ ಅಕ್ಕಾ, ನಾನು ತಗೊಳ್ಳುತ್ತಿದ್ದೇನೆ. ಒಂದೇ ಜಾಗಕ್ಕೆ ಚುಚ್ಚಿದರೆ ಗಂಟಾಗುತ್ತದೆ, ಔಷಧ ಸರಿಯಾಗಿ ಹತ್ತುವುದಿಲ್ಲ. ಜಾಗ ಬದಲಿಸುತ್ತಿರಬೇಕು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಬಾಟಲಿಯನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ ಮಣ್ಣಿನ ಮಡಕೆಯಲ್ಲಿ ಇಡುತ್ತೇನೆ. ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗಕ್ಕೆ ಬರುವುದಿಲ್ಲ.