ಹಳೇ ಬೆಂಜ್‌ನ ಸೈಡ್ ಮಿರರ್: ಗಾಜು ಮಾತ್ರ ಬದಲಿಸಿದವರು ಇದ್ದೀರಾ?

ನಮಸ್ಕಾರ. ನನ್ನ ಹತ್ತಿರ 2005ರ ಬೆಂಜ್ ಇ-ಕ್ಲಾಸ್ ಇದೆ, ಡಬ್ಲ್ಯು211 ಮಾಡೆಲ್. ಸೆಕೆಂಡ್ ಹ್ಯಾಂಡ್. ಹೋದ ವಾರ ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ ನಿಲ್ಲಿಸಿದ್ದಾಗ ಗೂಡ್ಸ್ ಆಟೋ ಒಂದು ಸವರಿಕೊಂಡು ಹೋಯಿತು. ಎಡಗಡೆ ಮಿರರ್‌ನ ಗಾಜು ಮೂರು ಸೀಳಾಗಿದೆ. ಕವರ್‌ಗೆ ಒಂದು ಗೀರು ಬಿದ್ದಿದೆ, ಅಷ್ಟೇ. ಗಾಜು ತಿರುಗಿಸುವ ಮೋಟರ್ ಓಡುತ್ತಿದೆ. ಸರ್ವಿಸ್ ಸೆಂಟರ್ ಒಂದರಲ್ಲಿ ಕೇಳಿದರೆ ಪೂರ್ತಿ ಮಿರರ್ ಬದಲಿಸಬೇಕು ಅಂದರು. ಅವರು ಹೇಳಿದ ಬೆಲೆಗೆ ಎರಡು ಒಳ್ಳೆಯ ಸೈಕಲ್ ಬರುತ್ತವೆ. ಗಾಜು ಮಾತ್ರ ಸಿಗುತ್ತದಾ? ಮನೆಯಲ್ಲೇ ಹಾಕಬಹುದಾ? ಜೋರಾಗಿ ಎಳೆದರೆ ಮೋಟರ್ ಮುರಿದುಹೋಗುತ್ತದೇನೋ ಅಂತ ಭಯ. ಮಾಡಿದವರು ದಯವಿಟ್ಟು ಹೇಳಿ.

ಮೈಸೂರಿನಿಂದ, ಅದೇ ಡಬ್ಲ್ಯು211

ಸಿಗುತ್ತದೆ, ಮನೆಯಲ್ಲೇ ಹಾಕಬಹುದು. ನಾನು ಎರಡು ಸಲ ಹಾಕಿದ್ದೇನೆ. ಮೊದಲ ಸಲ ತಪ್ಪು ಗಾಜು ತರಿಸಿ ಒಂದು ತಿಂಗಳು ಹಾಳು ಮಾಡಿಕೊಂಡೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ತೆಗೆದು ಹಾಕುವುದು ಅರ್ಧ ಗಂಟೆಯ ಕೆಲಸ. ತಲೆನೋವೆಲ್ಲ ಇರುವುದು ಸರಿಯಾದ ಗಾಜು ತರಿಸುವುದರಲ್ಲಿ.

ನಾವು ಗಾಜು ಅನ್ನುವುದು ಬರೀ ಗಾಜಲ್ಲ. ಗಾಜಿನ ಬೆನ್ನಿಗೆ ತೆಳುವಾದ ಹೀಟರ್ ಹಾಳೆ ಅಂಟಿಸಿರುತ್ತಾರೆ. ಅದರ ಹಿಂದೆ ಒಂದು ಪ್ಲಾಸ್ಟಿಕ್ ತಟ್ಟೆ. ಆ ತಟ್ಟೆ ಮೋಟರಿನ ಮೂತಿಗೆ ಕ್ಲಿಪ್‌ಗಳಿಂದ ಕಚ್ಚಿಕೊಂಡಿರುತ್ತದೆ. ಸ್ಕ್ರೂ ಇಲ್ಲ, ಅಂಟೂ ಇಲ್ಲ. ತಟ್ಟೆ ಸಮೇತ ಇರುವ ಗಾಜನ್ನೇ ತಗೊಳ್ಳಿ.

ನಾನು ಮಾಡಿದ ತಪ್ಪು ಇದು. ಅಮೆರಿಕದ ಒಬ್ಬ ಮಾರಾಟಗಾರನಿಂದ ‘ಎಡಗಡೆ ಗಾಜು’ ಅಂತ ತರಿಸಿದೆ. ಅಲ್ಲಿ ಎಡಗಡೆ ಕೂರುವವನು ಡ್ರೈವರ್ ಅನ್ನುವುದು ಹೊಳೆಯಲೇ ಇಲ್ಲ! ಅಲ್ಲಿನ ಕಾನೂನಿನ ಪ್ರಕಾರ ಡ್ರೈವರ್ ಕಡೆಯ ಗಾಜು ಪೂರ್ತಿ ಚಪ್ಪಟೆ ಇರಬೇಕು. ನಮ್ಮ ಎಡಗಡೆಯದು ಉಬ್ಬಿರುತ್ತದೆ, ಹಾಗಾಗಿ ಹಿಂದಿನ ರಸ್ತೆ ಜಾಸ್ತಿ ಕಾಣುತ್ತದೆ. ಬಂದ ಗಾಜಿನ ಬೆನ್ನಲ್ಲಿ ನಾಲ್ಕು ಕನೆಕ್ಷನ್ ಇದ್ದವು, ನನ್ನ ಕಾರಿನಲ್ಲಿ ಎರಡೇ ವೈರು. ಉಳಿದೆರಡು ರಾತ್ರಿ ಹಿಂದಿನ ಗಾಡಿಯ ಲೈಟ್ ಬಿದ್ದಾಗ ತಾನೇ ಕಪ್ಪಾಗುವ ಗಾಜಿಗೆ. ಅದು ಸಾಮಾನ್ಯವಾಗಿ ಡ್ರೈವರ್ ಕಡೆ ಮಾತ್ರ ಇರುತ್ತದೆ, ಅಂದರೆ ನಮಗೆ ಬಲಕ್ಕೆ. ವಾಪಸ್ ಕಳಿಸುವ ಖರ್ಚು ಗಾಜಿನ ಬೆಲೆಗಿಂತ ಜಾಸ್ತಿ ಆಗುತ್ತಿತ್ತು. ಈಗಲೂ ನಮ್ಮ ಮನೆಯ ಬಚ್ಚಲಲ್ಲಿ ಶೇವಿಂಗ್ ಕನ್ನಡಿಯಾಗಿ ನೇತಾಡುತ್ತಿದೆ.

ಆದ್ದರಿಂದ ಮೊದಲು ನಿಮ್ಮ ಒಡೆದ ಗಾಜನ್ನು ಬಿಚ್ಚಿ, ಬೆನ್ನಿನ ಫೋಟೋ ತೆಗೆಯಿರಿ. ಎಷ್ಟು ವೈರು, ಕ್ಲಿಪ್‌ಗಳ ಆಕಾರ ಹೇಗಿದೆ, ತಟ್ಟೆಯ ಮೇಲೆ ನಂಬರ್ ಏನಿದೆ, ಎಲ್ಲ ಕಾಣಬೇಕು. ಅಂಗಡಿಯವರಿಗೆ ಆ ಫೋಟೋ ಮತ್ತು ಚಾಸಿ ನಂಬರ್ ಎರಡೂ ಕೊಡಿ. ವರ್ಷ ಮಾತ್ರ ಹೇಳಿದರೆ ಸಾಲದು. ಈ ಮಾಡೆಲ್‌ಗೆ 2006ರಲ್ಲಿ ಫೇಸ್‌ಲಿಫ್ಟ್ ಬಂತು, ಅಂದರೆ ಅದೇ ಕಾರಿಗೆ ಸಣ್ಣಪುಟ್ಟ ಹೊಸ ರೂಪ, ಅದರ ಹಿಂದಿನದಕ್ಕೂ ಮುಂದಿನದಕ್ಕೂ ಗಾಜು ಬೇರೆ ಬೇರೆ. ನಿಮ್ಮದು ಹಿಂದಿನದು.

ಈಗ ಬಿಚ್ಚುವ ಕೆಲಸ. ಒಡೆದ ಗಾಜಿನ ಮೇಲೆ ಅಗಲವಾದ ಟೇಪ್ ಅಡ್ಡಡ್ಡ, ಉದ್ದುದ್ದ ಅಂಟಿಸಿ. ಇಲ್ಲದಿದ್ದರೆ ಚೂರುಗಳು ಮಿರರ್ ಒಳಗೆ ಬಿದ್ದು ಜೀವನಪೂರ್ತಿ ಗಲಗಲ ಅನ್ನುತ್ತವೆ. ಕವರ್ ಅಂಚಿಗೂ ಒಂದು ಸುತ್ತು ಟೇಪ್ ಇರಲಿ. ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಬಾಗಿಲ ಕಡೆಯ ಅಂಚನ್ನು ಬೆರಳಲ್ಲಿ ನಿಧಾನವಾಗಿ ಒಳಕ್ಕೆ ಒತ್ತಿ. ಆಗ ಹೊರಗಿನ ಅಂಚು ಮೇಲೇಳುತ್ತದೆ, ಹಿಂದೆ ಬೆರಳು ತೂರುವಷ್ಟು ಜಾಗ ಸಿಗುತ್ತದೆ. ಬೆರಳನ್ನು ಆದಷ್ಟು ನಡುವಿನ ತನಕ ತೂರಿಸಿ, ತಟ್ಟೆಯನ್ನೇ ಹಿಡಿದು ನಿಮ್ಮ ಕಡೆ ಎಳೆಯಿರಿ. ಗಾಜಿನ ಅಂಚನ್ನು ಹಿಡಿದು ಎಳೆದರೆ ಗಾಜು ಮಾತ್ರ ಕೈಗೆ ಬರುತ್ತದೆ, ತಟ್ಟೆ ಅಲ್ಲೇ ಉಳಿಯುತ್ತದೆ. ಕಬ್ಬಿಣದ ಸ್ಕ್ರೂಡ್ರೈವರ್ ಬೇಡ. ಮರದ ಐಸ್‌ಕ್ರೀಮ್ ಕಡ್ಡಿ ನಾಲ್ಕನ್ನು ಒಟ್ಟಿಗೆ ಹಿಡಿದು ಸಂದಿಗೆ ಕೊಟ್ಟರೆ ಸಾಕು.

‘ಟಕ್’ ಅಂತ ಸದ್ದು ಬರುತ್ತದೆ. ಮೊದಲ ಸಲ ಎದೆ ಧಸಕ್ಕೆನ್ನುತ್ತದೆ. ಅದು ಮುರಿದ ಸದ್ದಲ್ಲ, ಕ್ಲಿಪ್ ಬಿಟ್ಟ ಸದ್ದು. ಇನ್ನೂ ಎರಡು ಬರುತ್ತವೆ.

ಗಾಜು ಕೈಗೆ ಬಂದ ಕೂಡಲೇ ಝಾಡಿಸಿ ಎಳೆಯಬೇಡಿ, ಹಿಂದೆ ವೈರು ಇದೆ. ವೈರಿನ ತುದಿಯ ಪಿನ್ ಹಿಡಿದು, ಇನ್ನೊಂದು ಕೈಯಲ್ಲಿ ಗಾಜಿನ ಬೆನ್ನಿನ ಲೋಹದ ಪಟ್ಟಿಯನ್ನು ಅದುಮಿ ಹಿಡಿದು, ಆಮೇಲೆ ಬಿಡಿಸಿ. ಹೀಟರಿನ ಎರಡು ವೈರುಗಳಲ್ಲಿ ಯಾವುದು ಎಲ್ಲಿಗೆ ಹೋದರೂ ನಡೆಯುತ್ತದೆ, ಅದು ಬರೀ ಬಿಸಿಯಾಗುವ ತಂತಿ. ಕಪ್ಪಾಗುವ ಗಾಜಿನ ವೈರುಗಳು ಹಾಗಲ್ಲ, ಬಿಚ್ಚುವ ಮುಂಚೆ ಫೋಟೋ ಬೇಕೇ ಬೇಕು.

ಹೊಸದನ್ನು ಕೂರಿಸುವಾಗ ವೈರು ಸಿಕ್ಕಿಸಿ, ತಟ್ಟೆಯ ನಡುವನ್ನು ಮೋಟರಿನ ನಡುವಿಗೆ ಸರಿಯಾಗಿ ಇಡಿ. ಗಾಜಿನ ಮೇಲೆ ಮಡಚಿದ ಬಟ್ಟೆ ಇಟ್ಟು, ಅಂಗೈಯನ್ನು ಪೂರ್ತಿ ಹರಡಿ, ನಡುವಿನಲ್ಲಿ ಒತ್ತಿ. ಅಂಚಿನಲ್ಲಿ ಒತ್ತಿದರೆ ಹೊಸ ಗಾಜೂ ಸೀಳುತ್ತದೆ. ನನ್ನ ಎರಡನೇ ಗಾಜು ಒಡೆದದ್ದೇ ಹಾಗೆ, ಅದಕ್ಕೇ ಎರಡು ಸಲ ಅಂದೆ.

ಹುಬ್ಬಳ್ಳಿಯಿಂದ

ನಾನು ಅಗ್ಗದ ದಾರಿ ಹಿಡಿದಿದ್ದೆ. ತಟ್ಟೆ ಚೆನ್ನಾಗಿತ್ತಲ್ಲ ಅಂತ ಹಳೇ ಗಾಜು ಕಿತ್ತು, ಕನ್ನಡಿ ಅಂಗಡಿಯಲ್ಲಿ ಅದೇ ಆಕಾರಕ್ಕೆ ಕತ್ತರಿಸಿ, ಸಿಲಿಕಾನ್ ಹಾಕಿ ಅಂಟಿಸಿದೆ. ಮುನ್ನೂರು ರೂಪಾಯಿಯಲ್ಲಿ ಕೆಲಸ ಮುಗೀತು ಅಂತ ಖುಷಿಪಟ್ಟೆ.

ಎರಡು ಎಡವಟ್ಟಾಯಿತು. ಒಂದು, ಅದು ಚಪ್ಪಟೆ ಗಾಜು. ಹಿಂದಿನ ಬೈಕು ದೊಡ್ಡದಾಗಿ ಕಾಣುತ್ತಿತ್ತು, ಆದರೆ ಪಕ್ಕಕ್ಕೆ ಬಂದ ಬೈಕು ಕಾಣುತ್ತಲೇ ಇರಲಿಲ್ಲ. ಇನ್ನೊಂದು ಸಿಲಿಕಾನ್‌ನದು. ಕೊಳವೆ ಬಿಚ್ಚಿದಾಗ ವಿನೆಗರ್ ವಾಸನೆ ಬರುವ ಸಿಲಿಕಾನ್ ಒಣಗುವಾಗ ಆಮ್ಲ ಬಿಡುತ್ತದೆ. ಅದು ಕನ್ನಡಿಯ ಬೆನ್ನಿನ ಬೆಳ್ಳಿ ಲೇಪವನ್ನು ತಿನ್ನುತ್ತದೆ. ಮಳೆಗಾಲ ಕಳೆಯುವಷ್ಟರಲ್ಲಿ ಅಂಚಿನಿಂದ ಕಪ್ಪು ಮಚ್ಚೆ ಶುರುವಾಗಿ, ಅಜ್ಜಿ ಕಾಲದ ಕನ್ನಡಿ ಥರ ಆಯಿತು. ಹೀಗೇ ಮಾಡಲೇಬೇಕು ಅಂದರೆ ಆ ಆಮ್ಲ ಬಿಡದ ನ್ಯೂಟ್ರಲ್ ಸಿಲಿಕಾನ್ ಕೇಳಿ, ಅಥವಾ ಮಿರರ್‌ಗಂತಲೇ ಬರುವ ಫೋಮ್ ಟೇಪ್ ಹಾಕಿ. ಗಾಜು ಉಬ್ಬಿರುವುದೇ ಆಗಿರಲಿ. ಊರು ತಲುಪುವ ತನಕದ ಕೆಲಸಕ್ಕೆ ಇದು ಸರಿ, ಕಾಯಂ ಬೇಡ.

ಇಂಗ್ಲೆಂಡಿನ ಲೆಸ್ಟರ್‌ನಿಂದ

ಮೈಸೂರಿನವರ ಕಥೆ ಓದಿ ನಗು ಬಂತು. ಇಲ್ಲೂ ಸ್ಟೀರಿಂಗ್ ಬಲಕ್ಕೇ, ಹಾಗಾಗಿ ಇಲ್ಲಿನ ಗಾಜು ನಿಮಗೆ ಹೊಂದುತ್ತದೆ. ಹಳೇ ಬೆಂಜ್‌ಗಳು ಇಲ್ಲಿ ಬೇಕಾದಷ್ಟು ಇವೆ, ಗಾಜೂ ಸುಲಭವಾಗಿ ಸಿಗುತ್ತದೆ. ಒಂದು ಮಾತು ನೆನಪಿರಲಿ: ಇಲ್ಲಿನವರು ಎಡ-ಬಲ ಅನ್ನುವುದಿಲ್ಲ. ಫುಟ್‌ಪಾತ್ ಕಡೆಯದು ನಿಯರ್‌ಸೈಡ್, ಡ್ರೈವರ್ ಕಡೆಯದು ಆಫ್‌ಸೈಡ್. ನಿಮಗೆ ಬೇಕಿರುವುದು ನಿಯರ್‌ಸೈಡ್. ಗಾಜಿನ ಹೊರಗಿನ ಅಂಚಿನ ಹತ್ತಿರ ಮೇಲಿಂದ ಕೆಳಗೆ ಸಣ್ಣ ಗೆರೆ ಇದ್ದರೆ, ಆ ಗೆರೆಯಾಚೆ ಗಾಜು ಇನ್ನೂ ಜಾಸ್ತಿ ಬಾಗಿರುತ್ತದೆ. ನಿಮ್ಮ ಹಳೆಯದರಲ್ಲಿ ಗೆರೆ ಇದೆಯಾ ನೋಡಿಕೊಂಡು ಅಂಥದ್ದೇ ತಗೊಳ್ಳಿ.

ನಾನು ಜನವರಿಯಲ್ಲಿ ಮನೆ ಮುಂದೆ ನಿಂತು ಎಳೆದು, ಒಂದು ಕ್ಲಿಪ್ ಮುರಿದುಕೊಂಡೆ. ಚಳಿಗೆ ಪ್ಲಾಸ್ಟಿಕ್ ಹಪ್ಪಳದ ಹಾಗೆ ಆಗಿರುತ್ತದೆ. ಹೇರ್ ಡ್ರೈಯರ್‌ನಲ್ಲಿ ಎರಡು ನಿಮಿಷ ಬಿಸಿ ಮಾಡಬೇಕಿತ್ತು. ಬೆಂಗಳೂರಲ್ಲಿ ಅಷ್ಟು ಬೇಡ, ಮಧ್ಯಾಹ್ನ ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಸಾಕು.

ಪುಣೆಯಿಂದ, 1996ರ ಇ220

ಕೇಳಿದವರ ಕಾರಿಗೆ ಇದು ಹೊಂದಲ್ಲ, ಆದರೂ ನನ್ನದರಂಥ ಹಳೇ ಇ-ಕ್ಲಾಸ್, ಡಬ್ಲ್ಯು124 ಇಟ್ಟುಕೊಂಡವರು ಯಾರಾದರೂ ಓದುತ್ತಿದ್ದರೆ ಅಂತ ಬರೆಯುತ್ತಿದ್ದೇನೆ. ಮೇಲೆ ಹೇಳಿದ ಹಾಗೆ ಎಳೆಯಬೇಡಿ. ನನ್ನದರಲ್ಲಿ ತಟ್ಟೆಯನ್ನು ಒಂದು ತಂತಿ ಸ್ಪ್ರಿಂಗ್ ಹಿಡಿದುಕೊಂಡಿತ್ತು. ಗಾಜಿನ ಮೇಲಂಚನ್ನು ಒಳಕ್ಕೆ ಒತ್ತಿ, ಕೆಳಗಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಕಾಣುತ್ತಿತ್ತು. ಕೊಕ್ಕೆಯಲ್ಲಿ ಅದನ್ನು ಸರಿಸಿದ ಮೇಲೆ ಗಾಜು ತಾನೇ ಸಡಿಲವಾಯಿತು. ಇನ್ನೊಂದು ಮಜಾ ಇದೆ. ಈ ಕಾರಿನಲ್ಲಿ ಎಡ-ಬಲ ಮಿರರ್‌ಗಳ ಆಕಾರವೇ ಬೇರೆ. ಡ್ರೈವರ್ ಕಡೆಯದು ಅಗಲ, ಇನ್ನೊಂದು ಚೌಕ. ಯಾರೋ ಜೋಡಿ ತಪ್ಪಿಸಿ ಹಾಕಿದ್ದಾರೆ ಅಂತ ನಾನು ಮೊದಲು ಹಿಂದಿನ ಮಾಲೀಕನನ್ನು ಬೈದಿದ್ದೆ. ಕಂಪನಿಯೇ ಹಾಗೆ ಮಾಡಿದ್ದು.

ಬೆಂಗಳೂರಿನಿಂದ

ಇನ್ಶೂರೆನ್ಸ್ ಕ್ಲೇಮ್ ಮಾಡಿ ಅಂತ ಯಾರಾದರೂ ಹೇಳುವ ಮುಂಚೆ ಒಂದು ಲೆಕ್ಕ. 1500 ಸಿಸಿ ಮೀರಿದ ಕಾರಿಗೆ ಮೊದಲ 2000 ರೂಪಾಯಿ ಹೇಗಿದ್ದರೂ ನಿಮ್ಮ ಜೇಬಿನದೇ. ಪ್ಲಾಸ್ಟಿಕ್ ಭಾಗಕ್ಕೆ ಸವಕಳಿ ಬೇರೆ ಕಳೆಯುತ್ತಾರೆ. ಅದರ ಮೇಲೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಐದು ವರ್ಷ ಕ್ಲೇಮ್ ಮಾಡದೆ 50 ಪರ್ಸೆಂಟ್ ತಲುಪಿದ್ದರೆ, ಒಂದು ಗಾಜಿಗೋಸ್ಕರ ಸೊನ್ನೆಯಿಂದ ಶುರು. ಬೇಡ.

ಕಾರಿನ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಕೇಳಿ ನೋಡಿ. ಬಳಸಿದ ಗಾಜಾದರೆ ಬಿಲ್ ಕೊಡುವವರ ಹತ್ತಿರ ಮಾತ್ರ ತಗೊಳ್ಳಿ. ನಿಲ್ಲಿಸಿದ ಕಾರಿನಿಂದ ಗಾಜು ಕಿತ್ತುಕೊಂಡು ಹೋಗುವವರೂ ಇದ್ದಾರೆ. ಕೈಯಲ್ಲಿ ಎಳೆದರೆ ಬರುತ್ತದೆ ಅನ್ನುವುದು ಅವರಿಗೂ ಗೊತ್ತು, ಅಲ್ವಾ?

ಬಲಗಡೆಯ, ಕಪ್ಪಾಗುವ ಗಾಜು ಒಡೆದವರು ಇನ್ನೊಂದು ಗಮನಿಸಿ. ಅದರೊಳಗೆ ಎರಡು ಪದರದ ನಡುವೆ ದ್ರವ ಇರುತ್ತದೆ. ಸೋರಿದರೆ ಬರಿಗೈಯಲ್ಲಿ ಒರೆಸಬೇಡಿ. ಪೇಂಟಿನ ಮೇಲೆ ಬಿದ್ದರೆ ತಡಮಾಡದೆ ಸೋಪು ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಕಲೆ ಉಳಿದುಬಿಡುತ್ತದೆ.

ಕೇಳಿದವನೇ, ಮೂರು ವಾರದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಮೊದಲು ಬಿಚ್ಚಿ ಫೋಟೋ ತೆಗೆದೆ. ಎರಡೇ ವೈರು, ಉಬ್ಬು ಗಾಜು, ಗೆರೆ ಇಲ್ಲ. ಅಂಗಡಿಯವರು ಫೋಟೋ ನೋಡಿ ಸಿ-ಕ್ಲಾಸ್ ಡಬ್ಲ್ಯು203 ಮತ್ತು ಡಬ್ಲ್ಯು211 ಎರಡೂ ಹೆಸರು ಒಟ್ಟಿಗೆ ಬರೆದಿದ್ದ ಡಬ್ಬಿ ತೆಗೆದರು. ನಾನು ಅನುಮಾನದಿಂದ ಹಳೇ ತಟ್ಟೆಯನ್ನು ಪಕ್ಕದಲ್ಲಿಟ್ಟು ಕ್ಲಿಪ್ ಕ್ಲಿಪ್ ಹೋಲಿಸಿದೆ, ಒಂದೇ. ಪೂರ್ತಿ ಮಿರರ್‌ಗೆ ಹೇಳಿದ್ದರಲ್ಲಿ ಹತ್ತರಲ್ಲಿ ಒಂದು ಭಾಗವೂ ಆಗಲಿಲ್ಲ.

ಗಾಜು ಬರುವ ತನಕ ತಟ್ಟೆಯಿಲ್ಲದ ಮಿರರ್‌ಗೆ ಪ್ಲಾಸ್ಟಿಕ್ ಚೀಲ ಕಟ್ಟಿಟ್ಟಿದ್ದೆ, ಮಳೆ ನೀರು ಮೋಟರಿಗೆ ಹೋಗದಿರಲಿ ಅಂತ. ಕಾರು ಹೊರಗೆ ತೆಗೆಯಲಿಲ್ಲ.

ಕೂರಿಸುವಾಗ ಎರಡು ‘ಟಕ್’ ಬಂತು, ಮೂರನೆಯದು ಬರಲಿಲ್ಲ. ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಆದರೆ ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಕೆಳಗಿನ ಮೂಲೆ ಗಡಗಡ ಅನ್ನುತ್ತಿತ್ತು. ಇಲ್ಲಿಗೇ ಬಿಟ್ಟಿದ್ದರೆ ಮೊದಲ ಹಂಪ್‌ನಲ್ಲೇ ರಸ್ತೆ ಪಾಲಾಗುತ್ತಿತ್ತೋ ಏನೋ. ಮತ್ತೆ ಬಟ್ಟೆ ಇಟ್ಟು, ಆ ಮೂಲೆಯನ್ನಲ್ಲ, ನಡುವಿನಿಂದ ಸ್ವಲ್ಪ ಕೆಳಗೆ ಒತ್ತಿದೆ. ಬಂತು. ಸ್ವಿಚ್ ಒತ್ತಿ ನಾಲ್ಕೂ ಕಡೆ ಕೊನೆಯ ತನಕ ಓಡಿಸಿದೆ, ಎಲ್ಲೂ ತಾಗಲಿಲ್ಲ. ರಿವರ್ಸ್ ಹಾಕಿದಾಗ ಮೊದಲಿನ ಹಾಗೇ ಕೆಳಗೆ ಬಾಗಿ ಹಿಂದಿನ ಚಕ್ರ ತೋರಿಸಿತು. ಹೀಟರ್ ಆನ್ ಮಾಡಿ ಗಾಜಿನ ಮೇಲೆ ಉಸಿರು ಬಿಟ್ಟೆ. ಮಂಜು ನಡುವಿನಿಂದ ಅಂಚಿಗೆ ಕರಗಿತು. ಮಡಿಕೇರಿಗೆ ಹೋಗುವಾಗ ಕೆಲಸಕ್ಕೆ ಬರುತ್ತದೆ.

ಒಡೆದ ಗಾಜನ್ನು ಟೇಪ್ ಸಮೇತ ದಪ್ಪ ಪೇಪರ್‌ನಲ್ಲಿ ಸುತ್ತಿ, ಮೇಲೆ ‘ಗಾಜು’ ಅಂತ ಬರೆದು ಕಸದವರ ಕೈಗೇ ಕೊಟ್ಟೆ. ಕವರಿನ ಗೀರು ಹಾಗೇ ಇದೆ. ಅದಕ್ಕೆ ಯಾವ ಪಾಲಿಶ್ ಅಂತ ಇನ್ನೊಂದು ದಿನ ಕೇಳುತ್ತೇನೆ.